ಸುಟ್ಟ ಲಾರಿ, ಸುಡದ ಅಮ್ಮ

ಲಾರಿ ಇನ್ನೂ ಹೊಗೆಯಾಡುತ್ತಿತ್ತು.

ಸಂಡೂರು ರಸ್ತೆಯಿಂದ ಒಳಗೆ, ಮುಚ್ಚಿಹೋದ ಗಣಿಯೊಂದರ ಅಂಚಿನಲ್ಲಿ ನಿಂತಿತ್ತು. ಟೈರು ಕರಗಿ ಕೆಮ್ಮಣ್ಣಿಗೆ ಅಂಟಿದ್ದವು. ಕುರಿ ಹೊಡೆದುಕೊಂಡು ಬಂದವರು ನೋಡಿ ಫೋನ್ ಮಾಡಿದ್ದರು. ನಾನು, ಹೆಡ್ ಕಾನ್‌ಸ್ಟೇಬಲ್ ಹೊನ್ನೂರುಸ್ವಾಮಿ, ಮೂಗಿಗೆ ಕರ್ಚೀಫು ಒತ್ತಿಕೊಂಡು ಜೀಪಿನಿಂದ ಇಳಿದೆ. ಪಿಎಸ್‌ಐ ಗಾಯತ್ರಿ ಮೇಡಂ ಆಗಲೇ ಲಾರಿಯನ್ನು ಒಂದು ಸುತ್ತು ಹಾಕಿ ಮುಗಿಸಿದ್ದರು.

ಲಾರಿ ಓಡಿಸುತ್ತಿದ್ದ ಮೌನೇಶ್ ಕಲ್ಲಿನ ಮೇಲೆ ಕೂತಿದ್ದ. ಚಿತ್ತವಾಡ್ಗಿಯ ಹುಡುಗ. ಮೀಸೆ ಈಗಷ್ಟೇ ದಪ್ಪವಾಗುತ್ತಿರುವ ವಯಸ್ಸು. ಅಪ್ಪ ತೀರಿಕೊಂಡ ಮೇಲೆ ತಾಯಿ ತಿಪ್ಪಕ್ಕ ಇದ್ದೊಂದು ಸೈಟು ಮಾರಿ ಕೊಡಿಸಿದ ಹಳೇ ಗಾಡಿ. ಆ ಮನೆಗೆ ಬೇರೆ ಆಧಾರವೇ ಇರಲಿಲ್ಲ.

"ನಿನ್ನೆ ಸ್ಟ್ಯಾಂಡಿನ್ಯಾಗ ನಿಲ್ಸಿ ಮನಿಗೆ ಹೋಗಿದ್ನಿರಿ," ಅಂದ. "ಮುಂಜಾನಿ ನೋಡಿದ್ರ ಗಾಡಿ ಇಲ್ರಿ."

ಇಂಥ ಕಥೆ ನಾನು ಎಷ್ಟು ಕೇಳಿಲ್ಲ! ಹಿಂದಿನ ವಾರವಷ್ಟೇ ಇವನು ಇನ್ಶೂರೆನ್ಸ್ ಏಜೆಂಟನ ಆಫೀಸಿನಲ್ಲಿ ಕೂಗಾಡಿದ್ದು ಲಾರಿ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು.

"ಇವನ ಕೆಲಸನ ಮೇಡಂ," ಅಂದೆ. "ಹಾಕ್ಕೊಂಡು ಹೋಗೋಣ್ರಿ."

"ತಡೀರಿ. ಮೊದ್ಲು ಆ ಏಜೆಂಟನ ಮಾತು ಕೇಳೋಣ."

*

ಏಜೆಂಟ್ ಗಾದಿಲಿಂಗಪ್ಪ ಫ್ಯಾನಿನ ಕೆಳಗೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ.

"ಹೌದ್ರಿ. 'ಇಷ್ಟು ರೊಕ್ಕ ಕಟ್ಟೋದ್ಕಿಂತ ಗಾಡಿಗೆ ಬೆಂಕಿ ಹಚ್ಚೋದ ಛಲೋ' ಅಂದ. ಇಲ್ಲಿದ್ದವ್ರೆಲ್ಲ ಕೇಳ್ಯಾರ."

"ಯಾಕೆ ಅಷ್ಟು ಸಿಟ್ಟು?"

"ಗಾಡಿ ಅವನ ಹೆಸರಿನ್ಯಾಗ ಇಲ್ರಿ. ದೊಡ್ಡಪ್ಪ ಸುಂಕಪ್ಪನವ್ರ ಹೆಸರಿನ್ಯಾಗ ಐತಿ. ಅವ್ರು ಗಣಿ ಟೈಮಿನ್ಯಾಗ ಸಾಲು ಸಾಲು ಲಾರಿ ಇಟ್ಟವ್ರು. ಒಂದು ಕ್ಲೇಮೂ ಮಾಡಿಲ್ಲ. ಅವ್ರಿಗೆ ಬೋನಸ್ಸು, ಡಿಸ್ಕೌಂಟು ಎಲ್ಲ ಐತಿ. ಈ ಹುಡುಗ ಗಾಡಿ ತನ್ನ ಹೆಸರಿಗೆ ಮಾಡಿಸ್ಕೊಂಡ್ರ ಇನ್ಶೂರೆನ್ಸ್ ಕಂತು ಎಷ್ಟು ಅಂತ ಕೇಳಿದ. ಹೇಳಿದೆ. ಉರಿದುಬಿದ್ದ."

"ಅವನಿಗೇಕೆ ಹೆಚ್ಚು?"

"ಒಂದ ಗಾಡಿ. ಹಿಂದು ಮುಂದು ಇಲ್ಲ. ಹರೇದ ಹುಡುಗ್ರು ಗುದ್ದತಾರ ಮೇಡಂ. ಕಂಪನಿ ಏನು ಧರ್ಮಛತ್ರ ಅಲ್ಲಲ್ರಿ!" ನಗುತ್ತ ಹೊರಗೆ ಉಗುಳಿದ.

ಥೂ ಇವನ. ಹೊಟ್ಟೆ ತುಂಬಿದವನಿಗೆ ರಿಯಾಯಿತಿ, ಹಸಿದವನಿಗೆ ಬರೆ. ನಮ್ಮ ಕಡೆ ಎಷ್ಟೋ ಹುಡುಗರು ಹೀಗೇ ತಮ್ಮ ಬೆವರಿನ ಗಾಡಿಯನ್ನು ಬೇರೆಯವರ ಹೆಸರಿನಲ್ಲಿಟ್ಟು ಓಡಿಸುತ್ತಾರೆ. ಯಾರೂ ಅದನ್ನು ತಪ್ಪು ಅನ್ನುವುದಿಲ್ಲ.

"ಈಗ ಸುಟ್ಟದ್ದರ ದುಡ್ಡು ಯಾರಿಗೆ?" ಮೇಡಂ ಕೇಳಿದರು.

"ಕಾಗದದ ಪ್ರಕಾರ ಸುಂಕಪ್ಪನವ್ರಿಗೆ. ಪಾಪ, ಮುಂಜಾನಿನ ಫೋನ್ ಮಾಡಿದ್ರು. ಬಂದದ್ದೆಲ್ಲ ತಮ್ಮನ ಮಗನಿಗ ಕೊಡ್ತೀನಿ ಅಂದ್ರು. ದೊಡ್ಡ ಮನಸ್ಸು."

ಹೊರಗೆ ಬಂದು ನಾನು ಹೇಳಿದೆ, "ಇನ್ನೇನು ಮೇಡಂ? ದೊಡ್ಡಪ್ಪ ಕೊಡ್ತಾನ ಅಂತ ಹುಡುಗಗ ಗೊತ್ತಿತ್ತು. ಹಚ್ಚ್ಯಾನ."

ಮೇಡಂ ಜೀಪು ಹತ್ತಿದರು. ಮತ್ತೆ ಗಣಿಯ ಕಡೆ ತಿರುಗಿಸಲು ಹೇಳಿದರು.

*

ಲಾರಿ ಅಷ್ಟರಲ್ಲಿ ತಣ್ಣಗಾಗಿತ್ತು. ಮೌನೇಶ್ ಇನ್ನೂ ಅದೇ ಕಲ್ಲಿನ ಮೇಲೆ ಕೂತಿದ್ದ. ಮೇಡಂ ಕ್ಯಾಬಿನ್ನಿನ ಒಳಗೆ ಟಾರ್ಚ್ ಬಿಟ್ಟರು. ಗಾಜಿನ ಮೇಲ್ಗಡೆ ಒಂದು ಕಬ್ಬಿಣದ ಪಟ್ಟಿ. ಅದರ ಒಂದು ತುದಿಗೆ ಸ್ಟೀಲಿನ ಫೋಟೊ ಫ್ರೇಮು ಕಪ್ಪಾಗಿ ನೇತಾಡುತ್ತಿತ್ತು. ನಡುವೆ ಸ್ಕ್ರೂ ತೂತುಗಳು ಖಾಲಿ.

"ಇಲ್ಲೇನಿತ್ತು ಮೌನೇಶ್?"

"ಹುಲಿಗೆಮ್ಮ ದೇವೀದು ಹಿತ್ತಾಳಿ ಮುಖ ಇತ್ರಿ. ಅವ್ವ ಕೂಡ್ರಿಸಿದ್ಲು. ಬಾಜೂಕಿಂದು ನಮ್ಮಪ್ಪನ ಫೋಟೊ."

"ಹಿತ್ತಾಳಿ ಅಂದ್ರ ಕಳ್ಳ ಒಯ್ದಿರಬೇಕು," ಅಂದೆ.

"ಸ್ಟೆಪ್ನಿ ಬಿಟ್ಟು, ಜಾಕ್ ಬಿಟ್ಟು, ಬ್ಯಾಟ್ರಿ ಬಿಟ್ಟು, ಅಮ್ಮನ್ನ ಮಾತ್ರ ಸ್ಕ್ರೂ ಬಿಚ್ಚಿ ಒಯ್ದನೇನ್ರಿ? ಅಂಥ ಕಳ್ಳ ಯಾವನು?"

ನಾನು ಆ ಖಾಲಿ ತೂತುಗಳನ್ನು ಮತ್ತೊಮ್ಮೆ ನೋಡಿದೆ.

ಮೇಡಂ ಪಕ್ಕದ ಬಂಡೆಯ ಹತ್ತಿರ ಬಗ್ಗಿದರು. ಅಲ್ಲಿ ಒಂದು ಜೊತೆ ತೊಗಲಿನ ಚಪ್ಪಲಿ. ಬೆಂಕಿಯ ಝಳಕ್ಕೆ ಮುರುಟಿದ್ದವು. ಆದರೆ ಗುಡಿಯ ಮುಂದೆ ಬಿಟ್ಟ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ್ದವು.

"ನಿನ್ನವೇನು?"

"ಅಲ್ರಿ. ನಾನು ಬೂಟಿನ್ಯಾಗ ಗಾಡಿ ಹೊಡೀತೀನ್ರಿ."

"ಗಾಡಿ ನಿನ್ನ ಹೆಸರಿಗೆ ಯಾವಾಗ ಮಾಡಿಸೋನಿದ್ದೆ?"

"ಬರೋ ಸೋಮವಾರರಿ. ಬೈದ್ರೂ ಕಟ್ಟಲೇಬೇಕಲ್ರಿ, ಹೊಟ್ಟಿ ಬಟ್ಟಿ ಕಟ್ಟಿ ರೊಕ್ಕ ಹೊಂದಿಸಿದ್ದೆ. ಸಹಿ ಹಾಕಾಕ ಬರ್ರಿ ಅಂತ ದೊಡ್ಡಪ್ಪಗೂ ಹೇಳಿದ್ದೆ."

ಮೇಡಂ ನನ್ನ ಕಡೆ ತಿರುಗಿದರು. "ಎಲ್ಲರನ್ನೂ ಸ್ಟೇಷನ್ನಿಗೆ ಕರೀರಿ. ತಿಪ್ಪಕ್ಕನ್ನೂ, ಸುಂಕಪ್ಪನವ್ರನ್ನೂ."

*

ಸುಂಕಪ್ಪ ಬಿಳಿ ಪಂಚೆ, ಹಣೆ ತುಂಬ ಅರಿಶಿನದ ಭಂಡಾರ, ಕುಂಟುತ್ತ ಬಂದ. ಎರಡೂ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಕಾಲಿಗೇನಾತ್ರಿ?"

"ಶುಗರ್ ಹುಣ್ಣು, ಮೇಡಂ." ಕೂತವನೇ ಕಣ್ಣೊರೆಸಿಕೊಂಡ. "ಹುಡುಗ ತಪ್ಪು ಮಾಡ್ಯಾನ. ನಮ್ಮ ರಕ್ತಾರಿ, ಹೊಡಿಬ್ಯಾಡ್ರಿ."

"ದೊಡ್ಡಪ್ಪ, ನಾನಲ್ಲ!" ಮೌನೇಶ್ ಎದ್ದುನಿಂತ. ನಾನು ಭುಜ ಒತ್ತಿ ಕೂರಿಸಿದೆ.

ಮೇಡಂ ತಿಪ್ಪಕ್ಕನ ಕಡೆ ನೋಡಿ ನಿಧಾನವಾಗಿ ಹೇಳಿದರು, "ತಿಪ್ಪಕ್ಕ, ಒಂದು ಕೆಟ್ಟ ಸುದ್ದಿ. ಅಮ್ಮನ ಮುಖಾನೂ ಸುಟ್ಟು ಕರಗಿ ಹೋಗೈತಿ."

ನಾನು ಬೆಚ್ಚಿದೆ. ಮೇಡಂ ಕಣ್ಣಿನಲ್ಲೇ ಗದರಿದರು.

ತಿಪ್ಪಕ್ಕ ಎದೆ ಬಡಿದುಕೊಂಡಳು. "ಅಯ್ಯೋ ಯವ್ವಾ! ಅಮ್ಮನ್ನ ಸುಟ್ಟವನ ಮನಿ ಹಾಳಾಗ್ಲಿ! ಅವನ ವಂಶ ಉರಿದುಹೋಗ್ಲಿ! ಅವನ ಮನಿ ತೊಟ್ಟಿಲು—"

"ಶಾಪ ಹಾಕಬ್ಯಾಡ ತಿಪ್ಪಕ್ಕ!" ಸುಂಕಪ್ಪ ಕಿರುಚಿದ. "ನನ್ನ ಮಗಳು ಬಸರಿ ಅದಾಳ! ಅಮ್ಮ ಸುಟ್ಟಿಲ್ಲ, ಮರಿಯಮ್ಮನಹಳ್ಳಿ ದಾರಿ ಬೇವಿನ ಕಟ್ಟಿ ಮ್ಯಾಲೆ ಕುಂದ್ರಿಸಿ ಬಂದೀನಿ!"

ಸುಂಕಪ್ಪ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ತಡವಾಗಿತ್ತು.

"ಚಪ್ಪಲಿ ಅಲ್ಲೇ ಬಿಟ್ರಲ್ಲ ಸುಂಕಪ್ಪನವ್ರ," ಅಂದರು ಮೇಡಂ. "ಡೀಸೆಲ್ ಸುರಿದ ಮೇಲೆ ಅಮ್ಮ ನೆನಪಾದ್ಲು. ಚಪ್ಪಲಿಗಾಲಿಲೆ ಮುಟ್ಟಬಾರ್ದು ಅಂತ ಬಿಚ್ಚಿಟ್ಟು ಹತ್ತಿದ್ರಿ. ಇಳಿದು ಕಡ್ಡಿ ಗೀರಿದ್ದ ತಡ, ಬೆಂಕಿ ಹಾರಿತು. ಚಪ್ಪಲಿ ಬೆಂಕಿಯ ಆಚೆ ಉಳಿದ್ವು, ನೀವು ಜಾಲಿ ಮುಳ್ಳಿನ್ಯಾಗ ಬರಿಗಾಲಿಲೆ ಓಡಿದ್ರಿ. ಶುಗರ್ ಹುಣ್ಣು ಎರಡೂ ಕಾಲಿಗೆ ಒಮ್ಮೆಲೇ ಆಗ್ತೈತೇನ್ರಿ?"

"ಗಾಡಿ ಕೀ?" ನಾನು ಕೇಳಿದೆ.

"ಇನ್ನೊಂದು ಕೀ ನನ್ನ ಹತ್ರ ಇತ್ತು," ಅಂದ ಸುಂಕಪ್ಪ. ತಲೆ ಎತ್ತಲಿಲ್ಲ.

"ಸೋಮವಾರ ಸಹಿ ಹಾಕಿದ್ರ ಗಾಡಿ ಕೈ ತಪ್ಪತಿತ್ತು," ಮೇಡಂ ಮುಂದುವರಿಸಿದರು. "ಅದಕ್ಕ ಅಷ್ಟರೊಳಗ ಸುಡಬೇಕಾತು. ಹುಡುಗ ಏಜೆಂಟನ ಮುಂದ ಆಡಿದ ಸಿಟ್ಟಿನ ಮಾತು ನಿಮಗ ಸಿಕ್ಕಿತು. ಅವನ್ನ ಜೈಲಿಗೆ ಹಾಕ್ಸಿ ದುಡ್ಡು ನುಂಗೋನಿದ್ರಿ."

"ಮೌನೇಶ್ ಅಲ್ಲ ಅಂತ ನಿಮಗ ಹೆಂಗ ಗೊತ್ತಾತ್ರಿ?" ನಾನು ಕೇಳಿದೆ.

"ಅವನ ಆಗಿದ್ರ ಅಪ್ಪನ ಫೋಟೊ ಮೊದ್ಲು ತೆಗೀತಿದ್ದ."

ಆಗ ನನಗೆ ಹೊಳೆಯಿತು. ಮೌನೇಶನ ಅಪ್ಪ ಅಂದರೆ ಈ ಸುಂಕಪ್ಪನ ಒಡಹುಟ್ಟಿದ ತಮ್ಮ. ಅಮ್ಮನ ಸ್ಕ್ರೂ ಭಕ್ತಿಯಿಂದ ಬಿಚ್ಚಿದ ಈ ಮಹಾನುಭಾವ, ಒಂದು ಗೇಣು ಪಕ್ಕದಲ್ಲಿದ್ದ ತಮ್ಮನ ಮುಖಕ್ಕೆ ಬೆಂಕಿ ಇಟ್ಟಿದ್ದ. ಕೈಕೋಳ ಹಾಕುವಾಗ ಅವನ ಚರ್ಮ ಮುಟ್ಟಲೂ ನನಗೆ ಹೇಸಿಗೆಯಾಯಿತು.

*

ಸಂಜೆ ಗಾದಿಲಿಂಗಪ್ಪ ಫೋನ್ ಮಾಡಿದ. ಮಾಲೀಕನೇ ಸುಟ್ಟದ್ದರಿಂದ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲವಂತೆ. "ಹುಡುಗ ಹೊಸ ಗಾಡಿ ಮಾಡಿದ್ರ ನನ್ನ ಹತ್ರನ ಕಳಿಸ್ರಿ," ಅಂದ. ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಬೇವಿನ ಕಟ್ಟೆಯ ಮೇಲೆ, ಹಳೇ ದೇವರ ಪಟಗಳ ನಡುವೆ ಅಮ್ಮನ ಮುಖ ಸಿಕ್ಕಿತ್ತು. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದ ಪುಣ್ಯಾತ್ಮ. ಕೋರ್ಟಿನ ಕೆಲಸ ಮುಗಿದ ಮೇಲೆ ಕೊಡಿಸುತ್ತೇನೆ ಎಂದು ತಿಪ್ಪಕ್ಕನಿಗೆ ತೋರಿಸಿದೆ.

ಅವಳು ಕೈ ಚಾಚಲಿಲ್ಲ.

"ಅವ ಮುಟ್ಟಿದ ಅಮ್ಮ ನನಗ ಬ್ಯಾಡ್ರಿ. ಹುಲಿಗಿ ಗುಡಿಗೆ ಹೋದ್ರ ಅಮ್ಮ ಅಲ್ಲೇ ಅದಾಳ. ನನ್ನ ಗಂಡನ್ನ ಕೊಡ್ರಿ."

ಕೊಡಿ ಎನ್ನುವಂತೆ ಮೇಡಂ ತಲೆಯಾಡಿಸಿದರು. ನಾನು ಕಪ್ಪಾದ ಸ್ಟೀಲ್ ಫ್ರೇಮು ತಂದುಕೊಟ್ಟೆ. ಒಳಗೆ ಬೂದಿ ಬಿಟ್ಟು ಏನೂ ಇರಲಿಲ್ಲ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಳು. ಮೌನೇಶ್ ಆಟೊ ಕರೆದ, ಇಬ್ಬರೂ ಚಿತ್ತವಾಡ್ಗಿಯ ಕಡೆ ಹೋದರು.