ಎಲೆಹಣದ ಮರ ಮತ್ತು ಅಳೆಯದ ಹಿಡಿ

ನಮ್ಮ ನಿಮ್ಮ ಮುತ್ತಜ್ಜಿಯರ ಮುತ್ತಜ್ಜಿಯೂ ಹುಟ್ಟಿರದ ಕಾಲದಲ್ಲಿ ತುಂಬೆಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಚೆನ್ನಿಗರಾಯನೆಂಬ ದೊರೆ. ಅವನ ಕಣಜದಲ್ಲಿ ಭತ್ತ ಅಳೆಯುವವಳು ಮಾಚವ್ವ.

ಅಳೆಯುವುದು ಅವಳ ಮನೆತನದ ಕೆಲಸ. ಅವರಲ್ಲೊಂದು ಕಟ್ಟುಪಾಡಿತ್ತು. ಸುಗ್ಗಿಯ ಹೊಸ ಭತ್ತ ಬಂದಾಗ ಮೊದಲ ಹಿಡಿಯನ್ನು ಅಳೆಯುವ ಹಾಗಿಲ್ಲ. ಬಟ್ಟೆಯಲ್ಲಿ ಕಟ್ಟಿ ಕಣಜದ ಜಂತೆಗೆ ತೂಗುಹಾಕಬೇಕು. ಅದು ಯಾವ ಲೆಕ್ಕಕ್ಕೂ ಸೇರದು, ಯಾರಿಗೂ ಸೇರದು. ಯಾಕೆ ಅಂತ ಕೇಳಿದರೆ ಮಾಚವ್ವನಿಗೂ ಗೊತ್ತಿರಲಿಲ್ಲ. ಅಜ್ಜಿ ಕಟ್ಟುತ್ತಿದ್ದಳು, ಇವಳೂ ಕಟ್ಟುತ್ತಿದ್ದಳು, ಅಷ್ಟೆ.

ದೊರೆಗೆ ಏಳಂತಸ್ತಿನ ಅರಮನೆ ಕಟ್ಟಿಸುವ ಹುಚ್ಚು ಹಿಡಿಯಿತು. ನಾಲ್ಕನೇ ಅಂತಸ್ತಿಗೆ ಬೊಕ್ಕಸ ಬರಿದಾಯಿತು. ಆಗ ಪರ್ಣಸಿದ್ಧನೆಂಬ ಮಾಂತ್ರಿಕ ಕುಂಡದಲ್ಲೊಂದು ಗಿಡ ಹೊತ್ತು ತಂದ. ಅದರ ಎಲೆ ಎಲೆಯ ಮೇಲೂ ದೊರೆಯ ಮುದ್ರೆ ತಾನಾಗಿಯೇ ಮೂಡಿತ್ತು.

"ಒಂದೊಂದು ಎಲೆಯೂ ಕಣಜದ ಒಂದು ಕೊಳಗ ಭತ್ತ ಅಂತ ಡಂಗುರ ಹೊಡೆಸಿ ದೊರೆಯೇ" ಅಂದ. "ಜನ ಭತ್ತ ಕೇಳಲು ಬರುವುದೇ ಇಲ್ಲ. ಎಲೆಯನ್ನೇ ಕೈಯಿಂದ ಕೈಗೆ ದಾಟಿಸುತ್ತಾರೆ. ಬೇಕಾದಷ್ಟು ಕಿತ್ತುಕೊಳ್ಳಿ."

"ನಿನಗೇನು ಕೊಡಬೇಕು?"

"ಬದುಕಿರುವವರು ಏನೂ ಕೊಡಬೇಡಿ. ಇನ್ನು ಮುಂದೆ ಹುಟ್ಟುವವರನ್ನು ಒತ್ತೆ ಬರೆದುಕೊಡಿ. ಕಣಜದಲ್ಲಿ ಒಂದು ಹಿಡಿ ಗಟ್ಟಿ ಭತ್ತ ಇರುವ ತನಕ ನಾನು ಬರೀ ಸಾಲ ಕೊಟ್ಟವನು. ಅದೂ ಇಲ್ಲವಾದ ದಿನ ಆ ಮಕ್ಕಳೂ ಈ ರಾಜ್ಯವೂ ನನ್ನವು."

ದೊರೆ ಹೊಟ್ಟೆ ಹಿಡಿದು ನಕ್ಕ. "ಹುಟ್ಟದೇ ಇರುವವರು ಬಂದು ತಕರಾರು ಮಾಡುತ್ತಾರೆಯೇ?" ಅಂದವನೇ ತುಂಬಿದ ಸಭೆಯಲ್ಲೇ ಬರೆದುಕೊಟ್ಟ. ಮಾಂತ್ರಿಕ ಗಿಡವನ್ನು ಊರಾಚೆಯ ಬೆಟ್ಟದ ತುದಿಯಲ್ಲಿ ನೆಟ್ಟ, ಬೆಳಗಾಗುವುದರೊಳಗೆ ಅದು ಹೆಮ್ಮರವಾಯಿತು.

ಆಹಾ, ಆಮೇಲಿನ ವೈಭವ ಏನು ಕೇಳುತ್ತೀರಿ! ಅರಮನೆ ಎದ್ದಿತು. ಕೇಳಿದವರಿಗೆಲ್ಲ ಎಲೆ ಸಾಲ. ಮಾಚವ್ವನ ಗಂಡ ಬೀರ ಬುಟ್ಟಿ ಹೆಣೆಯುವವನು, ಒಂದು ಕುದುರೆ ಕೊಂಡ. ಹತ್ತಲು ಬಾರದೆ ಅದರ ಪಕ್ಕದಲ್ಲೇ ನಡೆದುಕೊಂಡು ಸಂತೆಗೆ ಹೋಗುತ್ತಿದ್ದ. ಮಾಚವ್ವನೇನು ಸಾಚಾ ಅಲ್ಲ. ಅವಳು ಬಸುರಿ. ಬೀಟೆ ಮರದ ತೊಟ್ಟಿಲಿಗೆಂದು ಅವಳೂ ಒಂದು ಎಲೆ ತಂದಳು.

ಮೊದಲು ಒಂದು ಎಲೆಗೆ ಒಂದು ಮೂಟೆ ಬದನೆಕಾಯಿ ಬರುತ್ತಿತ್ತು. ಆಮೇಲೆ ಒಂದು ಬುಟ್ಟಿ. ಆಮೇಲೆ ಒಂದೇ ಒಂದು ಕಾಯಿ, ಅದರಲ್ಲೂ ಹುಳ. ಇತ್ತ ಕಣಜದಲ್ಲಿ ಮಾಚವ್ವನ ಕೈಗೆ ಕೊಳಗ ಹಗುರವಾಗತೊಡಗಿತು. ಮರದಿಂದ ಒಂದು ಎಲೆ ಕಿತ್ತರೆ ಕಣಜದಲ್ಲಿ ಅಳೆದಿಟ್ಟ ಒಂದು ಕೊಳಗ ಭತ್ತ ಜೊಳ್ಳಾಗುತ್ತಿತ್ತು.

"ಬುದ್ಧೀ, ಭತ್ತ ಜೊಳ್ಳಾಗ್ತಿದೆ. ಬಿತ್ತನೆಗೂ ಇದೇ ಭತ್ತ. ಎಲೆ ಕೀಳೋದು ನಿಲ್ಲಿಸಿ" ಎಂದು ಅವಳು ದೊರೆಯ ಮುಂದೆ ನಿಂತಳು.

"ಜೊಳ್ಳಾದರೆ ಇನ್ನೊಂದಷ್ಟು ಎಲೆ ಕಿತ್ತು ಪಕ್ಕದ ರಾಜ್ಯದಿಂದ ತರಿಸೋಣ" ಅಂದ ಮಹಾರಾಯ!

ಅಷ್ಟರಲ್ಲಿ ಊರಲ್ಲಿ ಹುಟ್ಟುವ ಕೂಸುಗಳು ಅಳುವುದನ್ನು ಬಿಟ್ಟವು. ಬಾಯಿ ತೆರೆಯುತ್ತಿದ್ದವು, ದನಿ ಬರುತ್ತಿರಲಿಲ್ಲ. ಅಂಗೈಯಲ್ಲಿ ಮಾತ್ರ ದೊರೆಯ ಮುದ್ರೆ. ಅವುಗಳ ಅಳುವೆಲ್ಲ ಬೆಟ್ಟದ ಮೇಲೆ ಪರ್ಣಸಿದ್ಧನ ಮರದಲ್ಲಿ ಕೇಳುತ್ತಿತ್ತು.  ಮಾಚವ್ವನಿಗೆ ಎಂಟು ತಿಂಗಳು ತುಂಬಿತ್ತು. ಜಂತೆಯಿಂದ ಗಂಟನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಹತ್ತಿದಳು.

ಬೆಟ್ಟದ ಬುಡದಲ್ಲಿ ಮಾತಾಡುವ ಹುಲಿ ಅಡ್ಡ ಬಂತು. "ಬಸುರಿ ಹೆಂಗಸು, ಕಾಲು ನೋಯುತ್ತೆ. ನನ್ನ ಬೆನ್ನೇರು. ಈಗ ತಗೋ, ನಾಳೆ ಕೊಡು."

"ನಾಳೆ ನಂದಲ್ಲಪ್ಪ" ಎಂದು ಮಾಚವ್ವ ನಡೆದೇ ಹೋದಳು.

ಅರ್ಧ ದಾರಿಯಲ್ಲಿ ಬೆಳ್ಳಿ ಕೋಡಿನ ಎಮ್ಮೆ. "ಬಾಯಾರಿದೆ ನಿನಗೆ. ನನ್ನ ಹಾಲು ಕುಡಿ. ಈಗ ತಗೋ, ನಾಳೆ ಕೊಡು."

"ನಾಳೆ ನಂದಲ್ಲವ್ವ" ಎಂದು ಉಗುಳು ನುಂಗಿಕೊಂಡು ನಡೆದಳು.

ತುದಿಯಲ್ಲಿ ಮರದ ಕೆಳಗೆ ಪರ್ಣಸಿದ್ಧನೇ ಕೂತಿದ್ದ. "ಬಾ ತಾಯಿ. ನಿನ್ನ ಕೂಸಿನ ದನಿ ಈಗಲೇ ಕೊಡ್ತೀನಿ. ಬದಲಿಗೆ ಆ ಕೂಸಿನ ಕೂಸಿನ ದನಿ ಬರೆದುಕೊಡು. ಈಗ ತಗೋ, ನಾಳೆ ಕೊಡು. ಹೇಗೂ ಅದಿನ್ನೂ ಹುಟ್ಟಿಲ್ಲ."

 ಸುಳ್ಳು ಯಾಕೆ ಹೇಳಲಿ, ಹೂಂ ಅಂದುಬಿಡೋಣ ಅನ್ನಿಸಿತು ಮಾಚವ್ವನಿಗೆ. ಹೊಟ್ಟೆಯೊಳಗೆ ಕೂಸು ಒದೆಯಿತು.

"ನಮ್ಮ ದೊರೆಯೂ ಇದನ್ನೇ ಅಂದಿದ್ದು" ಅಂದಳು ಕೊನೆಗೆ. "ನಾಳೆ ನಂದಲ್ಲ."

"ಹಾಗಾದರೆ ಕಥೆ ಮುಗೀತು. ಕಣಜದ ಕೊನೆಯ ಕೊಳಗವೂ ಇವತ್ತು ಬೆಳಿಗ್ಗೆ ಜೊಳ್ಳಾಯಿತು. ರಾಜ್ಯ ನನ್ನದು."

ಮಾಚವ್ವ ಗಂಟು ಬಿಚ್ಚಿದಳು. ಒಂದು ಕಾಳು ತೆಗೆದು ಹಲ್ಲಲ್ಲಿ ಕಚ್ಚಿದಳು. ಕಟಕ್ ಅಂತು.

ಮಾಂತ್ರಿಕ ಬೆಚ್ಚಿದ. "ಇದು ನನ್ನ ಲೆಕ್ಕದಲ್ಲೇ ಇಲ್ಲ!"

"ನಮ್ಮ ಲೆಕ್ಕದಲ್ಲೂ ಇಲ್ಲ ಕಣಯ್ಯ. ನಿನ್ನ ಮಂತ್ರ ಅಳೆದ ಭತ್ತಕ್ಕೆ ತಾನೇ? ಇದನ್ನು ಯಾರೂ ಅಳೆದಿಲ್ಲ. ಕಣಜದ ಒಂದು ಹಿಡಿ ಗಟ್ಟಿ ಭತ್ತ ಇದು. ಹಾಗಾಗಿ ನೀನಿನ್ನೂ ಬರೀ ಸಾಲ ಕೊಟ್ಟವನು. ತೀರಿಸಲು ಬಂದರೆ ಬೇಡ ಅನ್ನೋ ಹಾಗಿಲ್ಲ."

ಪರ್ಣಸಿದ್ಧ ಹಲ್ಲು ಕಡಿದ. "ತೀರಿಸಿ ನೋಡೋಣ. ಎಲೆಗೊಂದು ಕೊಳಗ. ಕಿತ್ತ ಸರದಿಯಲ್ಲೇ ತೀರಬೇಕು, ನಿನ್ನ ತೊಟ್ಟಿಲಿನ ಎಲೆ ಮಾತ್ರ ಕಟ್ಟಕಡೆಗೆ."

ಮಾಚವ್ವ ಇಳಿದು ಬಂದು ನಡೆದದ್ದೆಲ್ಲ ಹೇಳಿದಳು. ಮೂಕ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಅರಮನೆ ಸುತ್ತುವರಿದರು. ದೊರೆಗೆ ಆಗ ನಾಚಿಕೆಯಾಯಿತು. ಎಲೆ ಕೀಳುವುದು ನಿಂತಿತು. ಅರಮನೆ ಕೆಡವಿ ಆ ಜಾಗವನ್ನು ಗದ್ದೆ ಮಾಡಿದರು. ಹಿಡಿ ಭತ್ತ ಬಿತ್ತಿದರು, ನೆಲದಲ್ಲಿದ್ದರೂ ಅದು ಕಣಜದ್ದೇ. ಜನ ಸೊಪ್ಪು, ಗೆಣಸು ತಿಂದು ದಿನ ದೂಡಿದರು. ಚೆನ್ನಿಗರಾಯನೂ ಪಂಚೆ ಎತ್ತಿ ಕಟ್ಟಿ ನಾಟಿ ಹಾಕಿದ. ಬೀರನ ಕುದುರೆ ಕೊನೆಗೂ ಒಂದು ಕೆಲಸಕ್ಕೆ ಬಂತು, ಗೊಬ್ಬರ ಹೊತ್ತಿತು.

ಮೊದಲ ಸುಗ್ಗಿಯದೆಲ್ಲ ಬಿತ್ತನೆಗೇ ಹೋಯಿತು, ಆಮೇಲೆ ಸುಗ್ಗಿಯಿಂದ ಸುಗ್ಗಿಗೆ ಭತ್ತ ಹೆಚ್ಚಿತು. ಬಿತ್ತನೆಗಿಟ್ಟು ಮಿಕ್ಕಿದ್ದು ಬೆಟ್ಟಕ್ಕೆ. ಒಂದು ಕೊಳಗ ಸುರಿದರೆ ಒಂದು ದನಿ ಮರದಿಂದ ಇಳಿದು ಯಾವುದೋ ಮನೆಯಲ್ಲಿ ಒಂದು ಕೂಸು ಅಳುತ್ತಿತ್ತು. ಪರ್ಣಸಿದ್ಧ ಒಂದು ಕೂದಲೆಳೆಯಷ್ಟು ಕುಳ್ಳಾಗುತ್ತಿದ್ದ. ಮಾಚವ್ವನಿಗೆ ಹೆಣ್ಣು ಹುಟ್ಟಿತು, ಅಂಗೈ ಮುದ್ರೆಯೊಂದಿಗೆ, ಸದ್ದಿಲ್ಲದೆ. ಅದರ ದನಿ ಬಿಡಿಸಬೇಕಾದ ತೊಟ್ಟಿಲ ಎಲೆಯ ಸರದಿ ಎಲ್ಲರಿಗಿಂತ ಹಿಂದಿತ್ತು. ಅಳೆಯುವವಳು ಅವಳೇ, ಕೊಳಗ ಅವಳ ಕೈಯಲ್ಲೇ. ಆದರೂ ಸರದಿ ತಪ್ಪಿಸಲಿಲ್ಲ. ಐದು ವರ್ಷ ಬೇರೆಯವರ ಮಕ್ಕಳ ದನಿ ಅಳೆದು ತಂದಳು. ಮನೆಗೆ ಬಂದು ಮಗಳ ಅಂಗೈ ಉಜ್ಜುತ್ತಾ ಕೂರುತ್ತಿದ್ದಳು.

ಏಳನೇ ಸುಗ್ಗಿಯಲ್ಲಿ ಸರದಿ ಬಂತು. ಅವಳದೇ ಕಟ್ಟಕಡೆಯ ಕೊಳಗ. ಸುರಿದ ಕೂಡಲೇ ಮರ ಒಣಗಿ ಬಿತ್ತು. ಮಾಂತ್ರಿಕ ಇದ್ದ ಜಾಗದಲ್ಲಿ ಒಂದು ಒಣ ತೊಟ್ಟು ಉಳಿಯಿತು. ಯಾರೋ ಅದನ್ನು ಒಲೆಗೆ ಹಾಕಿದರು.

ಆರು ತುಂಬಿದ ಹುಡುಗಿ ಅಂಗಳದಲ್ಲಿ ನಿಂತು, ಎಲ್ಲ ವರ್ಷಗಳ ಬಾಕಿ ಅಳುವನ್ನು ಒಟ್ಟಿಗೇ ಅತ್ತಳು. ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೂ ನಿಲ್ಲಲಿಲ್ಲ. ಕೇರಿಯವರ ಕಿವಿ ತೂತಾದರೂ ಒಬ್ಬರೂ ಗೊಣಗಲಿಲ್ಲ. ಮಾಚವ್ವ ಸುಮ್ಮನಿರು ಅನ್ನಲಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು.

ತುಂಬೆಗಿರಿಯವರು ಆಮೇಲೆ ಚೆನ್ನಾಗಿಯೇ ಬಾಳಿದರು. ಏಳಿರಲಿ, ನಾಲ್ಕಂತಸ್ತಿನ ಅರಮನೆಯನ್ನೂ ಮತ್ತೆ ಕಟ್ಟಲಿಲ್ಲ. ಹೊಸ ಭತ್ತ ಬಂದಾಗ ಮೊದಲ ಹಿಡಿಯನ್ನು ಜಂತೆಗೆ ಕಟ್ಟುತ್ತಾರೆ. ಯಾಕೆ ಅಂತ ಕೇಳಿದರೆ ಈಗ ಅಲ್ಲಿನ ಮಕ್ಕಳೇ ಹೇಳುತ್ತಾರೆ, ಗಟ್ಟಿ ದನಿಯಲ್ಲಿ.