ಡ್ಯೂಟಿ ಒಪ್ಪಿಸುವ ಹೊತ್ತು

"ಬಂದ್ರಾ ಡಾಕ್ಟ್ರಮ್ಮ? ದಾರಿ ತಪ್ಪಿ ಬಂದ ಹಾಗಿದೆ!"

ಮೂವತ್ತು ಗಂಟೆಗಳ ಡ್ಯೂಟಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಹೊಸ್ತಿಲು ದಾಟಿದ ಸೊಸೆಗೆ ಅತ್ತೆಯಿಂದ ಸಿಕ್ಕ ಸ್ವಾಗತವಿದು. ಅತ್ತೆಯ ಕಾಲ ಬಳಿ ಬಟ್ಟೆ ತುಂಬಿದ ಪೆಟ್ಟಿಗೆಯಿತ್ತು. ಆರು ವರ್ಷದ ಮಗಳು ಅಮ್ಮನನ್ನು ಕಂಡು ಓಡಿಬರಲಿಲ್ಲ. ಅಜ್ಜಿಯ ಬೆನ್ನ ಹಿಂದೆ ಸರಿದು ನಿಂತಳು.

"ಹನ್ನೊಂದರ ಬಸ್ಸಿಗೆ ನನ್ನ ಮಗಳ ಮನೆಗೆ ಹೊರಟೆ. ಇನ್ನು ನನ್ನ ಕೈಲಾಗಲ್ಲ. ಆಸ್ಪತ್ರೆ ಬಿಟ್ಟು ನಿನ್ನ ಮಗೂನ ನೀನೇ ನೋಡ್ಕೋ."

ಸರ್ಜನ್ ಆಗುವ ತರಬೇತಿ ಮುಗಿಯಲು ಇನ್ನು ಎಂಟೇ ತಿಂಗಳು. ಅತ್ತೆ ಹೋದರೆ ಎರಡು ವರ್ಷಕ್ಕೂ ಹೆಚ್ಚಿನ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ಗಂಡ ಮಹಾಶಯ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ. ಅಮ್ಮನ ಪಕ್ಷವೋ ಹೆಂಡತಿಯ ಪಕ್ಷವೋ ತೋಚದವನಿಗೆ ಬಾಯಿ ತುಂಬ ನೊರೆಯಿರುವುದೇ ಕ್ಷೇಮ.

ಅಷ್ಟರಲ್ಲಿ ಫೋನು ಬಂತು. ವಾರ್ಡಿನ ಕಿರಿಯ ಡಾಕ್ಟರು. ಏಳನೇ ಬೆಡ್ಡಿನ ಅಜ್ಜ ಮಾತೇ ಆಡುತ್ತಿಲ್ಲವಂತೆ.

"ಅವರಿಗೆ ಎಡಗಿವಿ ಕೇಳಲ್ಲಮ್ಮ. ಬಲಗಡೆ ನಿಂತು ಮಾತಾಡ್ಸು," ಎಂದು ಸೊಸೆ ಫೋನಿಟ್ಟಳು.

ಅತ್ತೆ ಕೆರಳಿದರು. "ಭೇಷ್! ಊರಿನವರಿಗೆ ಯಾವ ಕಿವಿ ಕೇಳಲ್ಲ ಅಂತ ಗೊತ್ತು. ನಿನ್ನ ಮಗಳಿಗೆ ಯಾವ ಹಲ್ಲು ಅಲ್ಲಾಡ್ತಿದೆ, ಹೇಳು ನೋಡೋಣ!"

ಸೊಸೆಗೆ ಗೊತ್ತಿರಲಿಲ್ಲ! ಹೆತ್ತ ಮಗಳ ಹಲ್ಲು... ಕಣ್ಣು ತುಂಬಿ ಬಂತು. ಆದರೆ ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಕಣ್ಣೊರೆಸಿಕೊಂಡು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತಳು.

"ತಪ್ಪು ನಂದೇ ಅತ್ತೆ. ಹೋಗೋದಾದ್ರೆ ಹೋಗಿ, ತಡೆಯಲ್ಲ. ಆದ್ರೆ ನಮ್ಮ ಆಸ್ಪತ್ರೇಲಿ ಮುಂದಿನವರಿಗೆ ಎಲ್ಲಾ ವಿವರ ಹೇಳಿ ಡ್ಯೂಟಿ ಒಪ್ಪಿಸದೆ ಯಾರೂ ವಾರ್ಡ್ ಬಿಟ್ಟು ಹೋಗೋ ಹಾಗಿಲ್ಲ. ಒಂದೂ ಬಿಡದೆ ಹೇಳಿ, ಬರ್ಕೋತೀನಿ."

"ಇದೆಂಥ ನಾಟಕ!" ಎಂದರು ಅತ್ತೆ. ಆದರೂ ಕೂತರು.

"ಕೆಳಗಿನ ಮುಂದಿನ ಹಲ್ಲು. ಎಡಗಡೇದು... ಬಿಸಿ ಅನ್ನ ಮುಟ್ಟಲ್ಲ, ಆರಿಸಿ ಕೊಡ್ಬೇಕು. ಮಿಕ್ಸಿ ಸದ್ದಿಗೆ ಹೆದರ್ತಾಳೆ. ಶಾಲೆಯಿಂದ ಬಂದವಳೇ ಕಿಟಕಿ ಹತ್ರ ನಿಂತು ನಿನ್ನ ದಾರಿ ನೋಡ್ತಾಳೆ. ಕೇಳಿದ್ರೆ, ಸುಮ್ನೆ ಅಂತಾಳೆ..."

ಸೊಸೆ ಅದನ್ನೂ ಬರೆದುಕೊಂಡಳು.

"ಮೆಟ್ಟಿಲು ಹತ್ತುವಾಗ ಎತ್ಕೋ ಅಂತಾಳೆ. ಮೂರನೇ ಮೆಟ್ಟಿಲಿಗೇ ನಾನು ಕೂತುಬಿಡ್ತೀನಿ. ಮಂಡಿ ಕಿತ್ತು ಬರತ್ತೆ."

"ಯಾವಾಗಿಂದ ಅತ್ತೆ?"

"ಆರು ತಿಂಗಳಾಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನ್ಯಾವಾಗ ಕೇಳ್ದೆ?"

ಡಾಕ್ಟರ ಮನೆಯಲ್ಲೇ ಆರು ತಿಂಗಳ ನೋವು! ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ಸೊಸೆ ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಊದಿದ ಮಂಡಿಯನ್ನು ಮೆಲ್ಲಗೆ ಒತ್ತಿ ನೋಡಿದಳು. ಗಟ್ಟಿಗಿತ್ತಿ ಅತ್ತೆ ಬಿಕ್ಕಿಬಿಕ್ಕಿ ಅತ್ತುಬಿಟ್ಟರು...

"ಕಲಿಯೋದು ನಾನು ಬಿಡಲ್ಲ ಅತ್ತೆ, ಮುಗಿಸೇ ಮುಗಿಸ್ತೀನಿ. ಆದ್ರೆ ಇನ್ಮೇಲೆ ಮನೆಗೆ ಬಂದ ತಕ್ಷಣ ಹೀಗೇ ಕೂತ್ಕೋತೀನಿ. ಮಗಳದೂ ಹೇಳಿ, ನಿಮ್ಮದೂ ಹೇಳಿ. ಸಂಜೆ ನಿಮ್ಮ ಮಂಡಿ ತೋರಿಸೋಕೆ ಹೋಗೋಣ." ಬಾಗಿಲತ್ತ ತಿರುಗಿದಳು. "ರೀ, ಬಾಯಿ ತೊಳ್ಕೊಂಡು ಬನ್ನಿ. ಇವತ್ತಿಂದ ಮೆಟ್ಟಿಲ ಡ್ಯೂಟಿ ನಿಮ್ದು."

ಹನ್ನೊಂದರ ಬಸ್ಸು ಹನ್ನೊಂದಕ್ಕೇ ಹೋಯಿತು. ಪೆಟ್ಟಿಗೆ ಮಾತ್ರ ಅಲ್ಲೇ ಇತ್ತು.

ನಾಲ್ಕನೇ ದಿನ ಸೊಸೆ ಮನೆಗೆ ಬಂದಾಗ ಅತ್ತೆ ಮೊಮ್ಮಗಳ ಗಲ್ಲ ಹಿಡಿದು ಕಾಯುತ್ತ ಕೂತಿದ್ದರು. ಹಲ್ಲು ನೂಲೆಳೆಯಷ್ಟಕ್ಕೆ ಅಂಟಿಕೊಂಡು ಜೋತಾಡುತ್ತಿತ್ತು.

"ಬೆಳಿಗ್ಗೇನೇ ಬೀಳಬೇಕಿತ್ತು. ನಿನಗೋಸ್ಕರ ಉಳಿಸಿಟ್ಟಿದ್ದೀನಿ. ಬಾ, ನೀನೇ ತೆಗಿ," ಎಂದರು.

ಮಗಳು ಅಮ್ಮನ ಮಡಿಲಿಗೆ ಬಂದು ಕೂತು ಬಾಯಿ ಅಗಲಿಸಿದಳು. ಎಷ್ಟೋ ಜನರ ಹೊಟ್ಟೆ ಹೊಲಿದ ಸೊಸೆ, ಆ ಅಕ್ಕಿಕಾಳಿನಷ್ಟು ಹಲ್ಲನ್ನು ಹೇಗೆ ಹಿಡಿಯಬೇಕೆಂದು ಅತ್ತೆಯನ್ನೇ ಕೇಳಿದಳು!