ಬುಧವಾರ ಕತ್ತರಿಸಿದ ಹೂಗಳು

ಈ ಕಥೆಯನ್ನು ಮೊದಲು ಹೇಳಿದವಳು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ ಅಜ್ಜಿ. ಹೇಳಿದ್ದು ನಾಲ್ಕು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಕರೆಂಟು ಹೋಗಿ ಅಂಗಡಿಯ ಮೂರೂ ಮೆಷಿನ್ನುಗಳು ಒಟ್ಟಿಗೆ ನಿಂತಾಗ. ಬಿಸಿಲು ಒಳಗೆ ಬಾರದಿರಲೆಂದು ಷಟರನ್ನು ಅರ್ಧಕ್ಕೆ ಎಳೆದಿದ್ದರು. ಕೇಳಿದವರು ನಾವು ಆರು ಜನ: ಬಟ್ಟೆಗಾಗಿ ಕಾಯುತ್ತಿದ್ದ ನಾಲ್ವರು ಹೆಂಗಸರು, ಪ್ಯಾಂಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಬಂದಿದ್ದ ಎತ್ತರದ ಹುಡುಗಿಯೊಬ್ಬಳು, ಮತ್ತು ನಾನು. ಇದೇ ಕಥೆಯನ್ನು ಆಮೇಲೆ ಅಂಚೆಯವನ ಬಾಯಲ್ಲೂ ಕೇಳಿದ್ದೇನೆ. ಅವನ ಪ್ರಕಾರ ಹೂಗಳು ಒಂಬತ್ತು. ಅಜ್ಜಿಯ ಪ್ರಕಾರ ಏಳು. ಹೂ ಒಣಗಿಸಿಟ್ಟ ಕಾಗದವನ್ನು ಕೈಯಾರೆ ಮಡಿಸಿದವಳು ಅಜ್ಜಿಯಾದ್ದರಿಂದ ನಾನು ಏಳನ್ನೇ ಉಳಿಸಿಕೊಂಡಿದ್ದೇನೆ.

ಅಜ್ಜಿ ಮೊದಲು ಕೆಲಸ ಮಾಡುತ್ತಿದ್ದುದು ಉದ್ದಕ್ಕನ ಬಳಿ. ಬೀದಿಯೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿತ್ತು. ಆರಡಿಗೆ ಒಂದೇ ಬೆರಳು ಕಡಿಮೆ, ವಯಸ್ಸು ಮೂವತ್ತೇಳು. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ನು, ಹಿತ್ತಲಲ್ಲಿ ಅವಳ ಗಿಡ. ಸಂಬಂಧ ನೋಡಲು ಯಾರಾದರೂ ಬಂದರೆ ಅತ್ತಿಗೆ ಅವಳನ್ನು ಕೂರಿಸಿಯೇ ಇಡುತ್ತಿದ್ದಳು. ಅವಳು ಎದ್ದು ನಿಲ್ಲುತ್ತಲೇ ಮಾತುಕತೆ ಮುಗಿಯುತ್ತಿತ್ತು.

"ಸ್ವಲ್ಪ ಬಗ್ಗಿ ನಡೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎನ್ನುತ್ತಿದ್ದಳು ಅತ್ತಿಗೆ.

"ನಾನು ಬಗ್ಗೋದು ಬಟ್ಟೆ ಕತ್ತರಿಸೋಕೆ ಮಾತ್ರ ಅತ್ತಿಗೆ."

ಗಿಡವೂ ಅವಳಂಥದೇ. ಊರಿನ ದೊಡ್ಡ ಹೋಟೆಲೊಂದು ಬಾಗಿಲು ಹಾಕಿದಾಗ ಒಡೆದ ಕುಂಡಗಳ ಜೊತೆ ಹೊರಗೆಸೆದಿದ್ದ, ಕೆಸುವಿನ ಜಾತಿಯ ಗಡ್ಡೆಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದಳು. ಬೇರಿಗೆ ನೀರು ನಿಲ್ಲದಂತೆ ಇದ್ದಿಲು ಚೂರು ಬೆರೆಸಿದ ಮಣ್ಣು ಹಾಕಿದಳು. ಗಾಳಿಗೆ ಎಲೆ ಹರಿಯದಂತೆ ಪೂರ್ವದ ಗೋಡೆಯ ಮಗ್ಗುಲಲ್ಲಿ ನೆಟ್ಟಳು. ವಾರಕ್ಕೊಮ್ಮೆ ಮಿಕ್ಕ ಲೈನಿಂಗ್ ಬಟ್ಟೆಯಿಂದ ಎಲೆಗಳ ಧೂಳು ಒರೆಸಿದಳು. ಐದನೆಯ ವರ್ಷಕ್ಕೆ ಒಂದೊಂದು ಎಲೆಯೂ ಕಿಟಕಿಯ ಬಾಗಿಲಿನಷ್ಟಾಗಿ, ಆನೆ ಕಿವಿಯಾಡಿಸಿದಂತೆ ಗೋಡೆಯಾಚೆಗೆ ಬೀಸತೊಡಗಿತು.

ಅತ್ತಿಗೆಗೆ ಆ ಜಾಗದಲ್ಲಿ ಕಾರಿಗೊಂದು ಸೂರು ಬೇಕಿತ್ತು. ಗಂಡನಿಗೆ ಹೇಳಿದರೆ ಅವನು ಪೇಪರು ಓದುತ್ತ "ಹೂಂ" ಎನ್ನುತ್ತಿದ್ದ, ಅಷ್ಟೇ. ಕೊನೆಗೆ ತಾನೇ ತೋಟಗಾರಿಕೆ ಇಲಾಖೆಗೆ ಒಂದು ದೂರು ಬರೆದು ಹಾಕಿದಳು: ನಮ್ಮ ಹಿತ್ತಲಲ್ಲಿ ನಿಷೇಧಿತ ಗಿಡ ಬೆಳೆಯುತ್ತಿದೆ.

ಒಂದು ಗುರುವಾರ ಬೆಳಿಗ್ಗೆ ಹಿತ್ತಲ ಗೇಟಿನಲ್ಲಿ ಒಬ್ಬಾತ ನಿಂತಿದ್ದ. ಕೈಯಲ್ಲಿ ನೋಟ್‌ಬುಕ್ಕು, ಸೊಂಟದಲ್ಲಿ ಉಕ್ಕಿನ ಟೇಪು. ಉದ್ದಕ್ಕ ದೊಡ್ಡ ಕತ್ತರಿಯನ್ನು ಹಿಡಿದೇ ಹೊರಬಂದಳು.

"ಯಾರ್ ಬೇಕಾಗಿತ್ತು?"

"ಇಲಾಖೆಯಿಂದ ಬಂದೆ. ಈ ಗಿಡದ ಮೇಲೆ ದೂರಿದೆ."

"ಕಡಿಯೋಕೆ ಬಂದ್ರಾ? ಹಾಗಾದ್ರೆ ಮೊದಲು ನನ್ನನ್ನ ದಾಟಿ ಹೋಗಿ."

ಅವನು ಅವಳನ್ನು ಪಾದದಿಂದ ನೆತ್ತಿಯವರೆಗೆ, ಅವಸರವಿಲ್ಲದೆ, ಮರ ನೋಡುವವನಂತೆ ನೋಡಿದ. ಅವನು ಅವಳಿಗಿಂತ ಒಂದು ಗೇಣು ಗಿಡ್ಡ.

"ನಿಮ್ಮನ್ನ ದಾಟೋಕೆ ಏಣಿ ಬೇಕಾಗುತ್ತೆ ಮೇಡಂ. ಸದ್ಯಕ್ಕೆ ಒಂದು ಸ್ಟೂಲ್ ಕೊಡ್ಸಿ, ಎಲೆ ಅಳೀಬೇಕು."

ಅವಳ ಎತ್ತರದ ಬಗ್ಗೆ ಜನ ಮರುಗಿದ್ದರು, ನಕ್ಕಿದ್ದರು, ಹೆದರಿದ್ದರು. ಹೀಗೆ ಸರಾಗವಾಗಿ, ಹವೆಯ ಬಗ್ಗೆ ಮಾತಾಡುವಂತೆ ಆಡಿದವರು ಇರಲಿಲ್ಲ. ಅವಳು ಸ್ಟೂಲು ತಂದಳು. ಅವನು ಹತ್ತಿ ನಿಂತಾಗ ಅವಳು ತಲೆಯೆತ್ತಿ ನೋಡಬೇಕಾಯಿತು. ಆ ಕೋನದಿಂದ ಅವಳು ಯಾವ ಗಂಡಸನ್ನೂ ನೋಡಿರಲಿಲ್ಲ.

"ನೂರಾ ಹನ್ನೆರಡು ಸೆಂಟಿಮೀಟರ್," ಎಂದ ಅವನು.

"ಸುಳ್ಳು. ನಲವತ್ತೇಳು ಇಂಚಿದೆ. ನಿಮ್ಮ ಲೆಕ್ಕಕ್ಕೆ ನೂರಾ ಹತ್ತೊಂಬತ್ತು."

"ಟೇಪು ಸುಳ್ಳು ಹೇಳುತ್ತಾ?"

"ನಿಮ್ಮ ಟೇಪಿಗೆ ಬಗ್ಗೋಕೆ ಬರಲ್ಲ. ಎಲೆ ಉಬ್ಬಿದೆ, ಉಬ್ಬಿನ ಮೇಲೆ ಹಾಯಿಸ್ಬೇಕು." ಅವಳು ಕೊರಳಲ್ಲಿ ನೇತಾಡುತ್ತಿದ್ದ ಬಟ್ಟೆಯ ಟೇಪನ್ನು ತೆಗೆದು ತೋರಿಸಿದಳು. ಅವನು ತಾನು ಬರೆದದ್ದನ್ನು ಹೊಡೆದುಹಾಕಿ ಅವಳ ಅಳತೆಯನ್ನು ಬರೆದುಕೊಂಡ.

"ಹೀಗೆ ಕಾಣೋ ಗಿಡ ಎರಡಿವೆ," ಎಂದು ಅವನು ವಿವರಿಸಿದ. "ಒಂದು ನೆಲದಡಿ ಬಳ್ಳಿ ಓಡಿಸಿ ಕೆರೆ, ಚರಂಡಿ ಎಲ್ಲ ಮುಚ್ಚಿಬಿಡುತ್ತೆ. ನಿಷೇಧ ಇರೋದು ಅದಕ್ಕೆ. ಇನ್ನೊಂದು ತನ್ನ ಪಾಡಿಗೆ ತಾನು ಇದ್ದಲ್ಲೇ ಇರುತ್ತೆ."

"ಇದು ಯಾವುದು?"

ಅವನು ಎಲೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಎಲೆಯನ್ನು ನೋಡಿದ.

"ಹೂ ನೋಡ್ದೆ ಹೇಳೋಕಾಗಲ್ಲ. ತೊಂಬತ್ತು ದಿನ ಟೈಮ್ ಇದೆ. ಅಷ್ಟರಲ್ಲಿ ಹೂ ಸಿಗ್ಲಿಲ್ಲ ಅಂದ್ರೆ ಕಿತ್ತುಹಾಕ್ಬೇಕು ಅಂತ ನಿಯಮ. ಪ್ರತಿ ಗುರುವಾರ ಬಂದು ನೋಡ್ತೀನಿ."

ಅಂದು ಸಂಜೆ ಉದ್ದಕ್ಕ ಅಜ್ಜಿಯ ಮುಂದೆ ಸಿಡಿದಳು. "ಇಲಾಖೆಯೋರು ಒಬ್ಬ ದಡ್ಡನ್ನ ಕಳ್ಸಿದ್ದಾರೆ ಅಜ್ಜಿ! ಎಲೆ ಬುಡದ ಸೀಳಿಗೇ ತೊಟ್ಟು ಸೇರಿದ್ರೆ ಇದು, ಸೀಳು ಬಿಟ್ಟು ಎಲೆ ಬೆನ್ನಿಗೆ ಅಂಟಿದ್ರೆ ಆ ನಿಷೇಧದ್ದು. ಇದರ ತುದಿ ಆಕಾಶ ನೋಡುತ್ತೆ, ಅದರದ್ದು ನೆಲ ನೋಡುತ್ತೆ. ಎಳೇ ಗಿಡ ಆದ್ರೆ ಮೋಸ ಹೋಗ್ಬಹುದು. ಇಷ್ಟು ದೊಡ್ಡದಕ್ಕೆ ಹೂ ಯಾಕೆ ಬೇಕು?"

"ಅದನ್ನ ಅವರ ಮುಖಕ್ಕೇ ಹೇಳ್ಬೇಕಿತ್ತು."

"ನಾನ್ಯಾಕೆ ಹೇಳ್ಲಿ? ನನ್ನ ಗಿಡ ಒಳ್ಳೇದು ಅಂತ ಯಾರ ಮುಂದೆನೂ ಅಂಗಲಾಚಲ್ಲ. ಗುರುತು ಹಿಡಿಯೋದು ಅವರ ಕೆಲಸ."

ಎರಡನೆಯ ಗುರುವಾರ ಅವಳು ಸ್ಟೂಲನ್ನು ಮೊದಲೇ ಹೊರಗಿಟ್ಟಿದ್ದಳು. ಮೂರನೆಯ ಗುರುವಾರ ಅವನು ಬಟ್ಟೆಯ ಟೇಪು ಕೊಂಡು ತಂದಿದ್ದ.

"ಪರವಾಗಿಲ್ಲ, ಕಲೀತಿದ್ದೀರಿ," ಎಂದಳು.

"ಮೇಷ್ಟ್ರು ಬಿಗಿ ಇದ್ದಾರೆ."

ಹೊಸ ಎಲೆಯೊಂದು ಸುರುಳಿ ಬಿಚ್ಚುತ್ತಿತ್ತು. ಮಾರನೆಯ ವಾರಕ್ಕೆ ಅದು ಪೂರ್ತಿ ತೆರೆದು, ಬೆಳಗಿನ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಹಸಿರು ಪರದೆಯಾಗಿ ನಿಂತಿತು. ಅವನು ಆಚೆ ಬದಿಯಿಂದ ನರಗಳನ್ನು ಎಣಿಸುತ್ತಿದ್ದ. ಅವನ ಅಂಗೈಯ ನೆರಳು ಎಲೆಯ ಈಚೆ ಬದಿಗೆ ಕಾಣುತ್ತಿತ್ತು. ಅವಳು ಯೋಚಿಸಲಿಲ್ಲ. ತನ್ನ ಅಂಗೈಯನ್ನು ಆ ನೆರಳಿನ ಮೇಲಿಟ್ಟಳು. ಎಣಿಕೆ ನಿಂತಿತು. ಎಲೆಯ ತುದಿಯಲ್ಲಿ ಕೂತಿದ್ದ ನೀರಹನಿ ಜಾರಿ ಬೀಳುವಷ್ಟು ಹೊತ್ತು ಇಬ್ಬರ ನಡುವೆ ಇದ್ದದ್ದು ಒಂದು ಎಲೆಯ ದಪ್ಪ ಮಾತ್ರ.

"ಎಷ್ಟಾಯ್ತು?" ಎಂದು ಕೇಳಿದಳು, ಕೈ ತೆಗೆಯದೆ.

"ತಪ್ಪೋಯ್ತು. ಮೊದಲಿಂದ ಎಣಿಸ್ಬೇಕು."

ಮೊದಲ ಹೂ ಕಾಣಿಸಿದ್ದು ಐದನೆಯ ವಾರ, ಬುಧವಾರ ಸಂಜೆ. ಅದು ಹೂವಿನಂತಿರಲಿಲ್ಲ, ಎಬ್ಬಿಸಿದ ಕಾಲರಿನೊಳಗೆ ಕೆನೆಬಣ್ಣದ ಒಂದು ಕೋಲು ನಿಂತಂತಿತ್ತು. ಉದ್ದಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. ರಸ ತಾಗಿ ತುರಿಸದಿರಲೆಂದು ಕೈಗೆ ಎಣ್ಣೆ ಹಚ್ಚಿಕೊಂಡಳು. ಹೂವನ್ನು ಬುಡಸಮೇತ ಕತ್ತರಿಸಿ, ಬಟ್ಟೆಯ ನಮೂನೆ ತೆಗೆಯುವ ಕಂದು ಕಾಗದದ ಮಡಿಕೆಯಲ್ಲಿಟ್ಟು, ಮೇಲೆ ಪೆನ್ಸಿಲ್ಲಿನಿಂದ ದಿನ ಬರೆದಳು.

ಅಜ್ಜಿ ಕಂಡುಬಿಟ್ಟಳು. "ಏನೇ ಇದು? ಹೂ ಬಂದ್ರೆ ಗಿಡ ಉಳಿಯುತ್ತೆ ಅಂದಿದ್ದೆ!"

"ಹೂ ಬಂದ್ರೆ ಅವರು ವರದಿ ಬರೆದು ಹೊರಟುಬಿಡ್ತಾರೆ."

"ಹೊರಡ್ಲಿ ಬಿಡು. ದಡ್ಡ ಅಂತಿದ್ದೆ."

"ದಡ್ಡರೇ. ಆದ್ರೂ ಬರ್ಲಿ." ಅವಳು ಕಾಗದವನ್ನು ಅಜ್ಜಿಯ ಕೈಗೆ ಕೊಟ್ಟಳು. "ಕೊನೇ ವಾರದ ಹೂ ತೋರಿಸ್ತೀನಿ. ಅಲ್ಲಿವರೆಗೆ ಇದನ್ನ ಮಡಿಸಿಡಿ."

ಅಜ್ಜಿ ಮಡಿಸಿಟ್ಟಳು. ಹೀಗೆ ಏಳು ಬುಧವಾರ, ಏಳು ಹೂ.

ಕೊನೆಯ ವಾರದಲ್ಲಿ ಎಂಟನೆಯ ಮೊಗ್ಗು ಬಂದಿತು. ಆದರೆ ಹೂವಿನ ಮಾತು ಅಡುಗೆಮನೆಯ ಕಿಟಕಿಯ ಮೂಲಕ ಅತ್ತಿಗೆಯ ಕಿವಿಗೂ ಬಿದ್ದಿತ್ತು. ಮಂಗಳವಾರ ಉದ್ದಕ್ಕ ಹಿತ್ತಲಿಗೆ ಬಂದಾಗ ಮೊಗ್ಗಿದ್ದ ಜಾಗದಲ್ಲಿ ಮುರಿದ ತೊಟ್ಟೊಂದು ರಸ ಸುರಿಸುತ್ತಿತ್ತು.

"ಒಣಗಿದ್ದೇನೋ ಅಂತ ಕಿತ್ತೆ ಕಣೆ," ಎಂದಳು ಅತ್ತಿಗೆ, ಎಣ್ಣೆ ಹಚ್ಚದ ಬೆರಳುಗಳನ್ನು ಪರಪರ ಕೆರೆದುಕೊಳ್ಳುತ್ತ. "ಈ ಮನೇಲಿ ಏನಾದ್ರೂ ಅಷ್ಟು ದೊಡ್ಡದಾಗಿ ಬೆಳೀಬೇಕಾದ್ರೆ ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಉಳಿದದ್ದು ಒಂದೇ ದಾರಿ. ಒಣಗಿದ ಹೂಗಳನ್ನು ತೋರಿಸಬೇಕು. ತೋರಿಸಿದರೆ ಯಾಕೆ ಬಚ್ಚಿಟ್ಟೆ ಎಂಬುದನ್ನೂ ಹೇಳಬೇಕು.

"ಮಾನ ಹೋಗುತ್ತಲ್ಲೇ," ಎಂದಳು ಅಜ್ಜಿ.

"ನಾನು ಬಯಸಿದ್ದನ್ನ ನಾನೇ ಹೇಳಿದ್ರೆ ಮಾನ ಹ್ಯಾಗೆ ಹೋಗುತ್ತೆ, ನೋಡೇಬಿಡೋಣ."

ಗುರುವಾರ ಅವನ ಜೊತೆ ಮೇಲಧಿಕಾರಿಯೂ ಬಂದಳು. ನಿವೃತ್ತಿಯ ಹತ್ತಿರದ ಹೆಂಗಸು, ಕೊರಳಲ್ಲಿ ಭೂತಗನ್ನಡಿ. ಅಣ್ಣ, ಅತ್ತಿಗೆ, ಅಜ್ಜಿ, ಪತ್ರ ಕೊಡಲು ಬಂದು ಅಲ್ಲೇ ನಿಂತ ಅಂಚೆಯವನು, ಎಲ್ಲರೂ ಹಿತ್ತಲಲ್ಲಿದ್ದರು.

"ಹೂ ಎಲ್ಲಿ?"

"ಬಿಟ್ಟೇ ಇಲ್ಲ ಮೇಡಂ," ಎಂದಳು ಅತ್ತಿಗೆ.

ಇಲಾಖೆಯವನು ಬಾಯಿ ತೆರೆಯುವಷ್ಟರಲ್ಲಿ ಉದ್ದಕ್ಕ ಒಳಗೆ ಹೋಗಿ ಕಂದು ಕಾಗದದ ಕಟ್ಟನ್ನು ತಂದು ಸ್ಟೂಲಿನ ಮೇಲೆ ಬಿಚ್ಚಿದಳು. ಮೇಲಧಿಕಾರಿ ಒಂದು ಹೂವನ್ನು ಬಿಸಿನೀರಲ್ಲಿ ನೆನೆಸಿ, ಬುಡವನ್ನು ಸೀಳಿ, ಗಾಜು ಹಿಡಿದು ನೋಡಿದಳು. "ಬೀಜದ ಕಾಳು ನಾಲ್ಕೈದೇ, ಅದೂ ತಳದಲ್ಲಿ. ನಿಷೇಧದ್ದಲ್ಲ." ಆಮೇಲೆ ಪೆನ್ಸಿಲ್ಲಿನ ಅಕ್ಷರಗಳನ್ನು ಓದಿದಳು. "ಬುಧವಾರ. ಬುಧವಾರ. ಇದೂ ಬುಧವಾರ. ನಮ್ಮೋರು ಬರೋದು ಗುರುವಾರ ಅಲ್ವೇನಮ್ಮ? ಹಿಂದಿನ ದಿನವೇ ಯಾಕೆ ಕತ್ತರಿಸಿದ್ರಿ?"

"ಹೂ ನೋಡಿದ್ರೆ ಇವರು ಮತ್ತೆ ಬರ್ತಿರ್ಲಿಲ್ಲ." ಉದ್ದಕ್ಕನ ದನಿ ತಗ್ಗಲಿಲ್ಲ. "ಬರ್ಲಿ ಅಂತ ಕತ್ತರಿಸ್ದೆ. ಅದು ತಪ್ಪಾದ್ರೆ ಬರ್ಕೊಳ್ಳಿ."

"ಥೂ, ಈ ವಯಸ್ಸಲ್ಲಿ!" ಎಂದಳು ಅತ್ತಿಗೆ.

"ಈ ವಯಸ್ಸಲ್ಲೇ ಹೂ ಬಿಡೋದು ಅತ್ತಿಗೆ. ಎಳೇ ಗಿಡ ಬಿಡಲ್ಲ."

ಅವನು ನೋಟ್‌ಬುಕ್ಕಿನ ಮೊದಲ ಪುಟವನ್ನು ತೆರೆದು ಮೇಲಧಿಕಾರಿಯ ಮುಂದೆ ಹಿಡಿದ. ಮೊದಲ ಗುರುವಾರದ ದಿನಾಂಕದ ಕೆಳಗೆ ಹೀಗಿತ್ತು: ತೊಟ್ಟು ಸೀಳಿಗೆ ಸೇರಿದೆ, ತುದಿ ಮೇಲ್ಮುಖ, ನಿಷೇಧಿತ ಗಿಡವಲ್ಲ.

"ಅವತ್ತೇ ಗೊತ್ತಿತ್ತಾ?" ಮೇಲಧಿಕಾರಿ ಕನ್ನಡಕ ತೆಗೆದಳು. "ಸಂಶಯ ಇದ್ದಾಗ ಮಾತ್ರ ತಾನೇ ಹೂ ನೋಡ್ಬೇಕಾದ್ದು? ನಿಮಗೇನು ಸಂಶಯ ಇತ್ತು?"

"ಗಿಡದ ಬಗ್ಗೆ ಇರ್ಲಿಲ್ಲ ಮೇಡಂ. ಇವರು ನನ್ನನ್ನ ಮತ್ತೆ ಒಳಗೆ ಬಿಡ್ತಾರೋ ಇಲ್ವೋ ಅಂತ ಇತ್ತು. ಕೊನೇ ದಿನ ಈ ಪುಟವನ್ನೇ ವರದಿಗೆ ಹಚ್ಚೋಣ ಅಂತಿದ್ದೆ."

"ಅಂತೂ ಮೂರು ತಿಂಗಳು ಇಬ್ಬರೂ ಸೇರಿ ಇಲಾಖೆ ಕಿವಿಗೇ ಹೂ ಇಟ್ರಿ!" ಆಕೆ ಅವನನ್ನು ಆ ಕೆಲಸದಿಂದ ತೆಗೆದು ಸಸಿ ಬೆಳೆಸುವ ವಿಭಾಗಕ್ಕೆ ಹಾಕುವುದಾಗಿ ಅಲ್ಲೇ ಹೇಳಿದಳು. ಅಂಚೆಯವನ ಪ್ರಕಾರ, ಹೇಳುವಾಗ ಆಕೆ ಮುಖ ತಿರುಗಿಸಿ ನಗುತ್ತಿದ್ದಳು. ಅಜ್ಜಿ ಇದನ್ನು ಒಪ್ಪುವುದಿಲ್ಲ.

ಉದ್ದಕ್ಕ ಅವನ ಕಡೆ ತಿರುಗಿದಳು. "ಮೂರು ತಿಂಗಳು ನಿಮ್ಮನ್ನ ದಡ್ಡ ಅಂದ್ಕೊಂಡಿದ್ದೆ."

"ಬುದ್ಧಿವಂತರು ಕೆಲಸ ಕಳ್ಕೊಳ್ಳೋ ಹಾಗೆ ಸುಳ್ಳು ಹೇಳ್ತಾರಾ?"

"ಇನ್ನೂ ಏನಾದ್ರೂ ಹೇಳೋದಿದ್ರೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ನಾನಂತೂ ಬಗ್ಗಲ್ಲ."

ಅವನು ಹೂಗಳನ್ನು ಮೆಲ್ಲಗೆ ಅಜ್ಜಿಯ ಮಡಿಲಿಗೆ ಸರಿಸಿ ಸ್ಟೂಲು ಹತ್ತಿದ. "ನಮ್ಮ ಹಿತ್ತಲಲ್ಲೂ ಪೂರ್ವಕ್ಕೊಂದು ಗೋಡೆ ಇದೆ. ಹೋದ ವಾರ ಮುಂಬಾಗಿಲು ಅಳೆದೆ. ಏಳಡಿ ಎತ್ತರ. ನೀವು ಬಗ್ಗದೆ ಒಳಗೆ ಬರ್ಬಹುದು."

"ಯಾವ ಟೇಪಲ್ಲಿ ಅಳೆದ್ರಿ?"

"ಬಾಗಿಲು ನೆಟ್ಟಗಿದೆ. ಉಕ್ಕಿನ ಟೇಪಲ್ಲೇ."

ಅವಳು ನಕ್ಕಳು. ಆ ನಗುವಿನಷ್ಟು ದೊಡ್ಡ ಸದ್ದು ಆ ಹಿತ್ತಲಲ್ಲಿ ಎಂದೂ ಕೇಳಿರಲಿಲ್ಲವೆಂದು ಅಜ್ಜಿ ಹೇಳುತ್ತಾಳೆ.

ಅಣ್ಣ ಮೊದಲ ಬಾರಿಗೆ ಬಾಯಿ ತೆರೆದ. "ಗಿಡ ಇಲ್ಲೇ ಇರ್ಲಿ ಬಿಡಮ್ಮ. ಪರ್ಮಿಷನ್ ಸಿಕ್ತಲ್ಲ."

"ಇಲಾಖೆದು ಸಿಕ್ತು ಅಣ್ಣ. ಈ ಮನೇದು ಸಿಕ್ಕಿಲ್ಲ. ಇನ್ಮೇಲೆ ನಂಗೆ ಬೇಕಾಗೂ ಇಲ್ಲ."

ಮುಂದಿನ ವಾರ ಅವಳೇ ಗುದ್ದಲಿ ಹಿಡಿದು ಗಿಡವನ್ನು ಮಣ್ಣುಂಡೆಯ ಸಮೇತ ಎಬ್ಬಿಸಿದಳು. ಸಾಗಿಸುವ ಮುಂಚೆ ಎಲೆಗಳನ್ನು ಸವರಬೇಕು, ಇಲ್ಲದಿದ್ದರೆ ಬಾಡುತ್ತವೆ ಎಂದು ಅವನು ಹೇಳಿದ.

"ಬಾಡ್ಲಿ. ಆದ್ರೆ ಚಿಕ್ಕದಾಗಿ ಕಾಣಿಸ್ಕೊಂಡು ಈ ಬೀದಿ ದಾಟಲ್ಲ."

ಕೈಗಾಡಿಯ ಮೇಲೆ ಗಿಡವನ್ನಿಟ್ಟು ಇಬ್ಬರೂ ನಡುಬೀದಿಯಲ್ಲಿ ತಳ್ಳಿಕೊಂಡು ಹೋದರು. ಎಲೆಗಳು ಎರಡೂ ಬದಿಯ ಕಿಟಕಿಗಳತ್ತ ಬೀಸಿದವು. ಅವುಗಳ ನಡುವೆ ಉದ್ದಕ್ಕನ ತಲೆ ಎಲ್ಲಕ್ಕಿಂತ ಮೇಲಿತ್ತು. ಎಲೆಗಳು ಬಾಡಿದ್ದೂ ನಿಜ. ಇಪ್ಪತ್ತು ದಿನಕ್ಕೆ ಬಂದ ಹೊಸ ಎಲೆ ಐವತ್ತೆರಡು ಇಂಚಿತ್ತು. ಅಣ್ಣನ ಹಿತ್ತಲಲ್ಲಿ ಮಣ್ಣಿನೊಳಗೆ ಉಳಿದ ಗಡ್ಡೆಯ ಚೂರೊಂದು ಚಿಗುರಿ, ಕಾರಿನ ಸೂರಿನ ಪಕ್ಕದಲ್ಲೇ ಎದ್ದು ನಿಂತಿತು. ಅದನ್ನು ಕೀಳಲು ಅತ್ತಿಗೆ ಕೈ ಹಾಕಲಿಲ್ಲ.

"ತುರಿಕೆ ಜ್ಞಾಪಕ ಇತ್ತಲ್ಲ," ಎಂದು ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು.

ಅಷ್ಟರಲ್ಲಿ ಕರೆಂಟು ಬಂತು. ಮೆಷಿನ್ನುಗಳು ಗುರ್ರೆಂದವು. ಹೆಂಗಸರು ತಮ್ಮ ತಮ್ಮ ಗಂಟುಗಳನ್ನು ಎತ್ತಿಕೊಂಡು, ಅರ್ಧ ಎಳೆದಿದ್ದ ಷಟರಿನ ಕೆಳಗೆ ಒಬ್ಬೊಬ್ಬರಾಗಿ ಬಗ್ಗಿ ಹೊರಟರು. ಎತ್ತರದ ಹುಡುಗಿ ಕೊನೆಯವಳು. ಅವಳೂ ಬಗ್ಗಿದಳು, ಬಗ್ಗಿದವಳು ನಿಂತಳು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಿಂದ ಷಟರನ್ನು ಧಡಧಡನೆ ಮೇಲಕ್ಕೆ ತಳ್ಳಿದಳು. ಮಧ್ಯಾಹ್ನದ ಬಿಸಿಲು ಅಂಗಡಿಯೊಳಗೆಲ್ಲ ಸುರಿಯಿತು. ಅವಳು ಮನೆಯ ದಾರಿ ಹಿಡಿದಳು. ಅವಳ ಹಿಂದೆ ನಾನೂ ಬಗ್ಗದೆ ಹೊರಬಂದೆ.